ಕೌಂಟಿ ಕಚೇರಿಯ ಬಾಗಿಲು

ಅಮೆರಿಕದ ಹಳ್ಳಿಗಾಡಿನ ಅನೇಕ ಕೌಂಟಿಗಳಲ್ಲಿ ಕೃಷಿ ಇಲಾಖೆಯ ಸೇವಾ ಕೇಂದ್ರವಿರುತ್ತದೆ. ಸಾಲವಿರಲಿ, ಮಣ್ಣು ಉಳಿಸುವ ನೆರವಿರಲಿ, ರೈತ ಮೊದಲು ಹೋಗಬೇಕಾದುದು ಅಲ್ಲಿಗೇ. ನಾರ್ತ್ ಕ್ಯಾರೊಲಿನಾದಲ್ಲಿ ಅಂಥದೊಂದು ಫಲಕವನ್ನು ಕಂಡಾಗ ನನಗೆ ನಮ್ಮೂರ ತಾಲ್ಲೂಕು ಕಚೇರಿಯ ಜಗಲಿ ನೆನಪಾಯಿತು.

1930ರ ದಶಕದ ಬರಗಾಲದಲ್ಲಿ, ವಿವೇಚನೆಯಿಲ್ಲದೆ ಉತ್ತ ಬಯಲುಸೀಮೆಯ ಮೇಲ್ಮಣ್ಣು ಗಾಳಿಪಾಲಾಯಿತು. ಇದೇ ನಾರ್ತ್ ಕ್ಯಾರೊಲಿನಾದ ಆನ್ಸನ್ ಕೌಂಟಿಯಲ್ಲಿ ಜನಿಸಿದ ಹ್ಯೂ ಹ್ಯಾಮಂಡ್ ಬೆನೆಟ್ ಅವರ ಪರಿಶ್ರಮದಿಂದ 1935ರ ಏಪ್ರಿಲ್ 27ರಂದು ಭೂಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. 1937ರಲ್ಲಿ ದೇಶದ ಪ್ರಥಮ ಭೂಸಂರಕ್ಷಣಾ ಜಿಲ್ಲೆಯಾದ ಬ್ರೌನ್ ಕ್ರೀಕ್ ಅವರ ಹುಟ್ಟೂರಿನ ಸೀಮೆಯಲ್ಲೇ ಸ್ಥಾಪಿತವಾಯಿತು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಹಾಕುವುದು ನಮ್ಮ ಅಜ್ಜಂದಿರಿಗೂ ತಿಳಿದಿತ್ತು. ಇಲ್ಲಿ ಸರ್ಕಾರವೇ ತಜ್ಞನನ್ನು ಹೊಲದವರೆಗೆ ಕಳುಹಿಸಿತು.

ಸಾಲದ ಕಥೆ ಮಾತ್ರ ಬೇರೆ. ಅರ್ಹತೆಯನ್ನು ನಿರ್ಧರಿಸುತ್ತಿದ್ದುದು ಸ್ಥಳೀಯರ ಕೌಂಟಿ ಸಮಿತಿ; ಅದರಲ್ಲಿ ಕಪ್ಪು ಜನಾಂಗದವರು ವಿರಳ. ಅವರ ಸಾಲ ಬಿತ್ತನೆಯ ಕಾಲ ಮೀರಿದ ಮೇಲೆ ಮಂಜೂರಾಗುತ್ತಿತ್ತು, ಇಲ್ಲವೇ ಆಗುತ್ತಲೇ ಇರಲಿಲ್ಲ. ಈ ರಾಜ್ಯದ ರೈತ ಟಿಮತಿ ಪಿಗ್‌ಫರ್ಡ್ ಮತ್ತಿತರರು 1997ರಲ್ಲಿ ಹೂಡಿದ ಮೊಕದ್ದಮೆ 1999ರಲ್ಲಿ ರಾಜಿಯಾಗಿ ಪರಿಹಾರ ದೊರಕಿತಾದರೂ, ಅಷ್ಟರಲ್ಲಿ ಎಷ್ಟೋ ಹೊಲಗಳು ಪರರ ಪಾಲಾಗಿದ್ದವು. ಪರಿಹಾರದ ಅರ್ಜಿಯನ್ನು ತಡವಾಗಿ ಸಲ್ಲಿಸಿ ಹೊರಗುಳಿದ ಸಾವಿರಾರು ಮಂದಿಗಾಗಿ 2010ರಲ್ಲಿ ಮತ್ತೆ 125 ಕೋಟಿ ಡಾಲರುಗಳ ಒಪ್ಪಂದವಾಗಬೇಕಾಯಿತು.