ಯಂತ್ರದ ಅಕ್ಷರಾಭ್ಯಾಸ

ಕಂಪ್ಯೂಟರ್ ಹುಟ್ಟುವಾಗ ಕನ್ನಡ ಕಲಿತು ಬಂದಿರಲಿಲ್ಲ. ಅದಕ್ಕೆ ಗೊತ್ತಿದ್ದುದು ಅಂಕಿಗಳು ಮಾತ್ರ. ಇಂಥ ಅಂಕಿ ಬಂದರೆ ಇಂಥ ಅಕ್ಷರ ತೋರಿಸು ಎಂದು ಹೇಳಿಕೊಟ್ಟರೆ ತೋರಿಸುತ್ತದೆ, ಇಲ್ಲದಿದ್ದರೆ ಇಲ್ಲ. ಮೊದಲ ಪಾಠ ಇಂಗ್ಲಿಷಿನಲ್ಲಾಯಿತು. ಹೀಗಾಗಿ ಮನೆಗೆ ಬಂದ ಹೊಸ ಕಂಪ್ಯೂಟರಿಗೆ ಕನ್ನಡವನ್ನು ನಾವೇ ಬೇರೆಯಾಗಿ ಹಾಕಿಕೊಳ್ಳಬೇಕಾಗಿತ್ತು. ಹಾಗೆ ಹಾಕುವಾಗ ಎದುರಾಗುತ್ತಿದ್ದ ತೊಡಕುಗಳಿಗೂ ಒಂದು ಇತಿಹಾಸವಿದೆ.

ಮುಂಡರಗಿಯ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2004ರಲ್ಲಿ. ಕಪ್ಪತಗುಡ್ಡದ ಸೆರಗಿನ ಹಳ್ಳಿಗಳಲ್ಲಿ ವಯಸ್ಸಾದ ಹೆಣ್ಣುಮಕ್ಕಳಿಂದ ಬೀಸುವ ಪದಗಳನ್ನು ಕೇಳಿ ನಾನು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅವನ್ನೆಲ್ಲ ಟೈಪು ಮಾಡಿಡುವ ಆಸೆ. ಆದರೆ ಸಿ.ಡಿ. ಹಾಕಿ ತಂತ್ರಾಂಶ ಇಳಿಸುವಾಗ ಅರ್ಧಕ್ಕೇ ಕರೆಂಟು ಹೋಗುತ್ತಿತ್ತು. ಮತ್ತೆ ಶುರು ಮಾಡಿದರೆ ಯಾವುದೋ ಕಡತ ಸಿಗಲಿಲ್ಲವೆಂದು ಇಂಗ್ಲಿಷಿನಲ್ಲಿ ಒಂದು ಚೀಟಿ ಮೂಡುತ್ತಿತ್ತು. ಅರ್ಧ ಇಳಿದದ್ದನ್ನು ಪೂರ್ತಿ ತೆಗೆದುಹಾಕಿ, ಯಂತ್ರ ನಿಲ್ಲಿಸಿ, ಹೊಸದಾಗಿ ಹಾಕಿದ ಮೇಲೆ ಕೆಲಸ ಕೂಡಿಬಂತು.

ಪದಗಳನ್ನು ಮುದ್ರಿಸಲು ಫ್ಲಾಪಿಯಲ್ಲಿ ಬೇರೊಂದು ಊರಿನ ಅಂಗಡಿಗೆ ಒಯ್ದೆ. ಪರದೆಯ ಮೇಲೆ ಕನ್ನಡವಿಲ್ಲ. ನೆತ್ತಿಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ! "ಇದು ಕೆಟ್ಟೈತ್ರಿ ಟೀಚರ್, ಒಗದ್ ಬಿಡ್ರಿ" ಎಂದ ಹುಡುಗ. ನಾನು ಒಗೆಯಲಿಲ್ಲ. ಮನೆಯಲ್ಲಿ ತೆರೆದರೆ ಅದೇ ಫ್ಲಾಪಿಯಲ್ಲಿ ಪದಗಳು ನೆಟ್ಟಗೆ ಕಾಣಿಸಿದವು.

ಕಾರಣ ಸರಳ. ಆಗಿನ ಅಕ್ಷರಶೈಲಿಯ, ಎಂದರೆ ಫಾಂಟಿನ, ಕಡತದಲ್ಲಿ ಇದ್ದುದು 256 ಕೋಣೆಗಳು. ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಅಕ್ಷರದ ಮೈ, ತಲೆಕಟ್ಟು, ಗುಡಿಸು, ಒತ್ತು ಎಂದು ತುಂಡು ಮಾಡಿ, ಇಂಗ್ಲಿಷ್ ಅಕ್ಷರಗಳ ಕೋಣೆಯಲ್ಲೇ ಬಾಡಿಗೆಗೆ ಇಟ್ಟರು. 'ನುಡಿ'ಯ ಹಳೆಯ ಜೋಡಣೆಯಲ್ಲಿ 'ಕ'ದ ಮೈ ಇದ್ದದ್ದು ಇಂಗ್ಲಿಷಿನ 'ಪಿ' ಕೋಣೆಯಲ್ಲಿ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದಲ್ಲಿ ಮನೆಯ ಮೂಲ ಒಡೆಯ ಹೊರಗೆ ಬರುತ್ತಾನೆ. ಫ್ಲಾಪಿ ಕೆಟ್ಟಿರಲಿಲ್ಲ, ಅಂಗಡಿಯ ಯಂತ್ರಕ್ಕೆ ಆ ಫಾಂಟ್ ಹಾಕಿರಲಿಲ್ಲ, ಅಷ್ಟೇ.

ಇಷ್ಟಾದರೂ ಸಾಧ್ಯವಾದದ್ದು ಕೆಲವರ ದುಡಿಮೆಯಿಂದ. ಅಕ್ಷರ ಜೋಡಣೆಯ ತಂತ್ರದಲ್ಲಿ ನುರಿತ ಕೆ. ಪಿ. ರಾವ್ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ ಕನ್ನಡವನ್ನೆಲ್ಲ ಕೂಡಿಸಿದವರೂ ಅವರೇ. 'ಎ, ಕೆ, ಎಫ್, ಕೆ' ಒತ್ತಿದರೆ 'ಅಕ್ಕ'. ಇಲ್ಲಿ 'ಎಫ್' ಒತ್ತಕ್ಷರ ಕೂಡಿಸುವ ಕೊಂಡಿ. ಆ ವಿನ್ಯಾಸವೇ ಮುಂದೆ ಸರಕಾರದ ಮಾನಕಕ್ಕೆ ಆಧಾರವಾಯಿತು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ'ವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು ಸರಕಾರದ ನೆರವಿನಿಂದ 'ನುಡಿ'ಯನ್ನು ಕೊಟ್ಟಿತು.

ಬಾಡಿಗೆ ಕೋಣೆಯ ತೊಂದರೆಗೆ ಪರಿಹಾರ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ಸಿಕ್ಕಿತು. ಅದರಲ್ಲಿ 'ಕ'ದ ಸಂಖ್ಯೆ 3221, ಮುಂಡರಗಿಯಲ್ಲೂ ಅಷ್ಟೇ, ಅಮೆರಿಕದಲ್ಲೂ ಅಷ್ಟೇ. ಆದರೆ ಮನೆ ಸಿಕ್ಕ ಮಾತ್ರಕ್ಕೆ ವಾಸ ಶುರುವಾಗಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಇತ್ತು. ಅದನ್ನು ಎಬ್ಬಿಸಲು ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ಪುಟಕ್ಕೆ ಹೋಗಿ, ಜಟಿಲ ಲಿಪಿಗಳ ಕಡತಗಳು ಬೇಕೆಂದು ಗುರುತು ಹಾಕಬೇಕಿತ್ತು. ಆಗ ಅದು ಮೂಲ ಸಿ.ಡಿ. ಕೇಳುತ್ತಿತ್ತು. ಸಿ.ಡಿ. ಇಲ್ಲದ ಮನೆಗಳಲ್ಲಿ ಕನ್ನಡದ ಬದಲು ಸಾಲು ಸಾಲು ಖಾಲಿ ಚೌಕಗಳು.

ಇಂಥ ಚೌಕ ಕಂಡಾಗಲೆಲ್ಲ "ನಿನಗ್ಯಾಕ ಬೇಕಿತ್ತು, ಏನೋ ಒತ್ತಿ ಕೆಡಿಸಿದಿ" ಎಂಬ ಮಾತು ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಕಿವಿಗೆ ಬಿದ್ದಿದೆಯೋ! ಎಷ್ಟೋ ಗೆಳತಿಯರು ಅಂದೇ ಕೀಲಿಮಣೆ ಮುಟ್ಟುವುದನ್ನು ಬಿಟ್ಟರು. ಒಲೆ ಹೊತ್ತದಿದ್ದರೆ ನಾವು ಒಲೆ ಕೆಟ್ಟಿತೆಂದು ಕೈಚೆಲ್ಲುತ್ತೇವೆಯೇ? ಕಟ್ಟಿಗೆ ಹಸಿಯೋ, ಬೂದಿ ತುಂಬಿದೆಯೋ, ಗಾಳಿ ಆಡುತ್ತಿಲ್ಲವೋ ಎಂದು ಒಂದೊಂದಾಗಿ ನೋಡುತ್ತೇವೆ. ಇಲ್ಲಿಯೂ ಹಾಗೆಯೇ: ಚೀಟಿಯಲ್ಲಿದ್ದುದನ್ನು ಬರೆದುಕೊಳ್ಳುವುದು, ಡಿಸ್ಕಿನಲ್ಲಿ ಜಾಗವಿದೆಯೇ, ಹಳೆಯ ಆವೃತ್ತಿ ಉಳಿದಿದೆಯೇ, ಫಾಂಟ್ ಬಂದಿದೆಯೇ ಎಂದು ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಈ ಜಾಣತನ ನಮ್ಮ ಅಡಿಗೆಮನೆಗೆ ಹೊಸದಲ್ಲ.

ಈಗ ಫೋನಿನಲ್ಲೇ ಕನ್ನಡ ಬರೆಯುತ್ತೇವೆ, ಹಾಕುವ ಗೋಜಿಲ್ಲ. ಆದರೆ ಆ ಕಾಲದಲ್ಲಿ ಟೈಪು ಮಾಡಿದ ಹಾಡು, ಕವಿತೆ, ಮಹಿಳಾ ಮಂಡಳದ ವರದಿಗಳು ಹಳೆಯ ಸಿ.ಡಿ.ಗಳಲ್ಲಿ ಇನ್ನೂ ಬಾಡಿಗೆ ಕೋಣೆಯಲ್ಲೇ ಕುಳಿತಿವೆ. ತೆರೆದಾಗ ಅರ್ಥವಾಗದ ಅಕ್ಷರ ಕಂಡರೆ ದಯವಿಟ್ಟು ಒಗೆಯಬೇಡಿರಿ. ಹಳೆಯ ಅಕ್ಷರವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಆದರೆ ಸಿ.ಡಿ. ಓದುವ ಯಂತ್ರಗಳೇ ಮನೆಗಳಿಂದ ಮಾಯವಾಗುತ್ತಿವೆ. ಆದ್ದರಿಂದ ಈ ಕೆಲಸ ಬೇಗ ಆಗಬೇಕು. ನನ್ನ ಬೀಸುವ ಪದಗಳನ್ನು ಹಾಗೆ ಬದಲಿಸಿ ಮೊಮ್ಮಕ್ಕಳಿಗೆ ಕಳಿಸಿದ್ದೇನೆ. ಹಾಡಿದ ಅಜ್ಜಿಯರಲ್ಲಿ ಈಗ ಒಬ್ಬರೂ ಇಲ್ಲ.