ಮಾಸ್ಟ್ರಿಗೆ ಹೊದೆಸಿದ ಶಾಲು

ಮೇ ತಿಂಗಳ ಕೊನೆ, ಜೂನ್ ತಿಂಗಳ ಮೊದಲ ವಾರ ಬಂತೆಂದರೆ ದಕ್ಷಿಣ ಕನ್ನಡದ ಶಾಲೆಗಳಲ್ಲಿ ಬೀಳ್ಕೊಡುಗೆಯ ಹಂಗಾಮು. ನಿವೃತ್ತರಾಗುವ ಶಿಕ್ಷಕರಲ್ಲಿ ಬಹಳ ಮಂದಿಯ ಸೇವೆಯ ಕೊನೆಯ ದಿನ ಮೇ 31. ಇದಕ್ಕೊಂದು ಕಾರಣವಿದೆ. ಆರು ದಶಕಗಳ ಹಿಂದೆ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ಅನೇಕ ಅಪ್ಪಂದಿರಿಗೆ ಹುಟ್ಟಿದ ತಾರೀಕು ಗೊತ್ತಿರುತ್ತಿರಲಿಲ್ಲ. ಆಟಿಯ ಮಳೆಗೋ ಕೊಯ್ಲಿನ ಹೊತ್ತಿಗೋ ಹುಟ್ಟಿದ್ದು ಎನ್ನುವಷ್ಟೇ ನೆನಪು. ಶಾಲೆ ಶುರುವಾಗುವುದು ಜೂನ್‌ನಲ್ಲಿ. ವಯಸ್ಸು ಹೊಂದಬೇಕಲ್ಲ ಎಂದು ಮಾಸ್ಟ್ರು ಮೇ ತಿಂಗಳದ್ದೋ ಜೂನ್ ಒಂದರದ್ದೋ ಒಂದು ತಾರೀಕನ್ನು ದಾಖಲಾತಿ ಪುಸ್ತಕದಲ್ಲಿ ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹೀಗೆ ಒಬ್ಬ ಶಿಕ್ಷಕಿ ಯಾವತ್ತು ಶಾಲೆ ಬಿಡಬೇಕೆಂಬುದನ್ನು ಅವರಿಗೆ ಅ ಆ ಕಲಿಸಿದ ಮಾಸ್ಟ್ರೇ ನಿರ್ಧರಿಸಿರುತ್ತಾರೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಹಳೆಯ ಶಾಲೆಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಇನ್‌ಸ್ಪೆಕ್ಟರರ ಭೇಟಿಯ ಟಿಪ್ಪಣಿ ಇವೆಲ್ಲ ಚರಿತ್ರೆಕಾರರಿಗೆ ಪರಿಚಿತ ಆಕರಗಳು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ನಿವೃತ್ತ ಮಾಸ್ಟ್ರುಗಳ ಚಾವಡಿಯ ಗೋಡೆಯಲ್ಲಿ ಕಟ್ಟು ಹಾಕಿಸಿಟ್ಟ ಸನ್ಮಾನಪತ್ರಗಳು. ಹಳೆಯವುಗಳ ಮೇಲೆ ಸನ್ಮಾನಪತ್ರ ಎಂದಿರುವುದಿಲ್ಲ, ಬಿನ್ನವತ್ತಳೆ ಎಂದಿರುತ್ತದೆ. ಬಿನ್ನಹ ಎಂದರೆ ಅರಿಕೆ. ಬಿನ್ನವತ್ತಳೆ ಎಂದರೆ ಅರಿಕೆಯ ಓಲೆ. ಸನ್ಮಾನ ಮಾಡುವವರು ಎತ್ತರದಲ್ಲಿ ನಿಂತು ಕೊಡುತ್ತಾರೆ, ಬಿನ್ನಹ ಮಾಡುವವರು ಕೆಳಗೆ ನಿಂತು ಒಪ್ಪಿಸುತ್ತಾರೆ. ಪದ ಬದಲಾದಾಗ ನಿಂತ ಜಾಗವೂ ಬದಲಾಯಿತು.

ಐಗಳ ಶಾಲೆಯ ಕಾಲದಲ್ಲಿ ಬೀಳ್ಕೊಡುಗೆ ಇರಲಿಲ್ಲ, ಏಕೆಂದರೆ ನಿವೃತ್ತಿಯೇ ಇರಲಿಲ್ಲ. ಜಗಲಿಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಐಗಳು ಕೈ ನಡುಗುವವರೆಗೆ ಕಲಿಸುತ್ತಿದ್ದರು. ಅವರಿಗೆ ಸಲ್ಲುತ್ತಿದ್ದ ಮರ್ಯಾದೆ ವರ್ಷಾವಧಿಯದು: ಅಕ್ಕಿ, ತೆಂಗಿನಕಾಯಿ, ಹಬ್ಬಕ್ಕೊಂದು ವಸ್ತ್ರ. ಕುಂದಾಪುರ, ಉಡುಪಿ ಸೀಮೆಯ ಹೂವಿನಕೋಲನ್ನು ನಾವಿಂದು ಯಕ್ಷಗಾನದ ಒಂದು ಪ್ರಕಾರವಾಗಿ ನೋಡುತ್ತೇವೆ. ನವರಾತ್ರಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ಮಾತುಗಾರಿಕೆ ತೋರಿಸುತ್ತಿದ್ದ ಐಗಳಿಗೆ ಅದು ವರ್ಷದ ದಕ್ಷಿಣೆ ಕೂಡಿಸುವ ದಾರಿಯೂ ಆಗಿತ್ತು. ಗೌರವ, ಸಂಬಳ ಎರಡೂ ಒಂದೇ ಹರಿವಾಣದಲ್ಲಿ ಬರುತ್ತಿದ್ದವು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಆಮೇಲೆ ಮದ್ರಾಸು ಸರ್ಕಾರದ ವಿದ್ಯಾ ಇಲಾಖೆ, ಜಿಲ್ಲಾ ಬೋರ್ಡು, ಖಾಸಗಿ ಮೆನೇಜರರ ಅನುದಾನಿತ ಶಾಲೆಗಳು ಬಂದ ಮೇಲೆ ಕಲಿಸುವುದು ಉದ್ಯೋಗವಾಯಿತು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಈ ಬದಲಾವಣೆಯ ನಡುವೆ ಬದುಕಿದವರು. ಕನ್ನಡ ಪಂಡಿತರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದು, ಮಕ್ಕಳಿಗಾಗಿ ಬರೆದರು. ಊರೂರಿಗೆ ಗುರುಗಳಾಗಿದ್ದವರು ತಮಗೆ ಇಟ್ಟುಕೊಂಡ ಕಾವ್ಯನಾಮ ಕವಿಶಿಷ್ಯ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದಾಗ ಕನ್ನಡನಾಡು ಗೌರವಿಸಿದ್ದು ಶಾಲಾಮಕ್ಕಳೊಂದಿಗೆ ಆಯುಷ್ಯ ಕಳೆದ ಒಬ್ಬ ಉಪಾಧ್ಯಾಯರನ್ನು.

ಮೈಸೂರಿನ ಕಡೆಯ ಎರಡು ಪ್ರಸಂಗಗಳು ಎಲ್ಲರಿಗೂ ಗೊತ್ತಿರುವಂಥವು. 1921ರಲ್ಲಿ ಕಲ್ಕತ್ತೆಗೆ ಹೊರಟ ರಾಧಾಕೃಷ್ಣನ್ ಅವರನ್ನು ಮಹಾರಾಜಾ ಕಾಲೇಜಿನ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಕೂರಿಸಿ ತಾವೇ ರೈಲು ನಿಲ್ದಾಣದವರೆಗೆ ಎಳೆದರು. 1941ರಲ್ಲಿ ಬಿ.ಎಂ.ಶ್ರೀಯವರಿಗೆ ಶಿಷ್ಯರು, ಮಿತ್ರರು ಒಪ್ಪಿಸಿದ 'ಸಂಭಾವನೆ' ಕನ್ನಡದಲ್ಲಿ ಅಭಿನಂದನ ಗ್ರಂಥಗಳ ಪರಂಪರೆಗೆ ಮೇಲ್ಪಂಕ್ತಿಯಾಯಿತು. ಸರ್ಕಾರ ಕೈಹಾಕಿದ್ದು ಆಮೇಲೆ: ರಾಷ್ಟ್ರ ಪ್ರಶಸ್ತಿ 1958ರಲ್ಲಿ, ಶಿಕ್ಷಕರ ದಿನಾಚರಣೆ 1962ರಲ್ಲಿ. ಗಡಿಯಾಚೆಗೆ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದ ಕಯ್ಯಾರ ಕಿಞ್ಞಣ್ಣ ರೈಗಳಿಗೆ 1969ರಲ್ಲಿ ಆ ರಾಷ್ಟ್ರ ಪ್ರಶಸ್ತಿ ಬಂತು.

ಆದರೆ ಪ್ರಶಸ್ತಿ ಒಬ್ಬಿಬ್ಬರಿಗೆ. ಉಳಿದವರಿಗೆ ಊರೇ ಪ್ರಶಸ್ತಿ ಸಮಿತಿ. ಹಳೆ ವಿದ್ಯಾರ್ಥಿ ಸಂಘದವರು ರಶೀದಿ ಪುಸ್ತಕ ಹಿಡಿದು ಹೊರಡುತ್ತಾರೆ, ಮುಂಬಯಿಯ ಹೋಟೆಲಿನಲ್ಲಿರುವವರು, ಗಲ್ಫಿನಲ್ಲಿರುವವರು ಕೈಲಾದಷ್ಟು ಕಳಿಸುತ್ತಾರೆ, ಸಭೆಯ ನಂತರ ತಾಳಮದ್ದಳೆಯೋ ಯಕ್ಷಗಾನವೋ ನಡೆಯುತ್ತದೆ. ಹಳೆಯ ಬಿನ್ನವತ್ತಳೆಗಳ ಜೊತೆಗೆ ಒಂದು ಹಮ್ಮಿಣಿಯೂ ಸಲ್ಲುತ್ತಿತ್ತು ಎಂಬುದನ್ನು ನಾವು ಗಮನಿಸಬೇಕು. ಅನುದಾನಿತ ಶಾಲೆಯ ಮಾಸ್ಟ್ರಿಗೆ ಆ ಹಣ ಅಲಂಕಾರವಾಗಿರಲಿಲ್ಲ. ಭವಿಷ್ಯನಿಧಿ, ವಿಮೆ, ಪಿಂಚಣಿ ಮೂರನ್ನೂ ಸೇರಿಸಿದ ಟ್ರಿಪಲ್ ಬೆನಿಫಿಟ್ ಸ್ಕೀಮು ಮೈಸೂರು ರಾಜ್ಯದ ಅನುದಾನಿತ ಸಂಸ್ಥೆಗಳಿಗೆ ಬಂದದ್ದು 1963ರಲ್ಲಿ. ಅದಕ್ಕೂ ಮೊದಲು ಶಾಲೆ ಬಿಟ್ಟವರ ಮನೆಯಲ್ಲಿ ಹಮ್ಮಿಣಿ ಎಂದರೆ ಕೆಲವು ತಿಂಗಳ ಅಕ್ಕಿ. ಪಿಂಚಣಿ ಬಂದ ಮೇಲೆ ಹಮ್ಮಿಣಿ ಹಿಂದೆ ಸರಿದು ಶಾಲು, ಪೇಟ, ಸ್ಮರಣಿಕೆ ಮುಂದೆ ಬಂದವು. ಗೌರವ ಹೊಟ್ಟೆಪಾಡಿನಿಂದ ಬಿಡುಗಡೆಯಾಯಿತು. ಇದು ಒಳ್ಳೆಯ ಬದಲಾವಣೆಯೇ.

ಬಿನ್ನವತ್ತಳೆಗಳು ಏನನ್ನು ಹೇಳುವುದಿಲ್ಲ ಎಂಬುದೂ ಚರಿತ್ರೆಯ ಪ್ರಶ್ನೆ. ಅವುಗಳಲ್ಲಿ ಜ್ಞಾನದ ದೀಪ, ಶಿಲ್ಪಿ, ಸರಸ್ವತಿ ಇವೆಲ್ಲ ತಪ್ಪದೆ ಬರುತ್ತವೆ. ಮಳೆಗಾಲದಲ್ಲಿ ತೋಡು ದಾಟಿಸಿ ಮಕ್ಕಳನ್ನು ಮನೆಗೆ ಮುಟ್ಟಿಸಿದ್ದು, ಬೀಡಿ ಕಟ್ಟಲು ಕೂತ ಹುಡುಗಿಯನ್ನು ವಾಪಸು ಶಾಲೆಗೆ ಕರೆತಂದದ್ದು, ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳಿಗೆ ಅವರ ಮಾತಿನಲ್ಲೇ ವಿವರಿಸಿ ಕನ್ನಡ ಕಲಿಸಿದ್ದು ಬರುವುದಿಲ್ಲ. ಅದೆಲ್ಲ ಕೇಳಿದರೆ ಮಾತ್ರ ಸಿಗುತ್ತದೆ. ಹೇಳುವವರು ಹೋದ ಮೇಲೆ ಸಿಗುವುದಿಲ್ಲ. ಸಭೆಯ ಆಮಂತ್ರಣಕ್ಕೆ ಖರ್ಚು ಮಾಡುವ ಹಣದ ಸ್ವಲ್ಪ ಭಾಗದಲ್ಲಿ ಒಬ್ಬ ಮಾಸ್ಟ್ರ ನೆನಪುಗಳನ್ನು ಎರಡು ಗಂಟೆ ಧ್ವನಿಮುದ್ರಿಸಿ ಇಡಬಹುದು.

ಈಗಿನ ಬೀಳ್ಕೊಡುಗೆಗಳಲ್ಲಿ ಇನ್ನೊಂದು ಆತಂಕವೂ ಕುಳಿತಿರುತ್ತದೆ. ಮಕ್ಕಳು ಕಡಿಮೆಯಾಗುತ್ತಿರುವ ಕನ್ನಡ ಶಾಲೆಯ ಟೀಚರು ನಿವೃತ್ತರಾದರೆ ಆ ಹುದ್ದೆ ತುಂಬುತ್ತದೆಂಬ ಭರವಸೆ ಯಾರಿಗೂ ಇಲ್ಲ. ಆ ಜಾಗಕ್ಕೆ ಸರ್ಕಾರದ ಅತಿಥಿ ಶಿಕ್ಷಕಿಯೋ, ಪೋಷಕರು, ಹಳೆ ವಿದ್ಯಾರ್ಥಿಗಳು ಹಣ ಕೂಡಿಸಿ ನೇಮಿಸಿದ ಗೌರವ ಶಿಕ್ಷಕಿಯೋ ಬರುತ್ತಾರೆ. ಹೆಸರಿನಲ್ಲಿ ಗೌರವವಿದೆ, ಸಿಗುವುದು ಗೌರವಧನ. ಸೇವಾಪುಸ್ತಕವಿಲ್ಲ, ಪಿಂಚಣಿಯಿಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಸರ್ಕಾರಿ ಕೆಲಸಕ್ಕೆ ಸೇರಿದವರಿಗೂ ಹಳೆಯ ಪಿಂಚಣಿಯ ಬದಲು ಎನ್‌ಪಿಎಸ್ ಬಂದಿದೆ. ಆಮೇಲೆ ಅನುದಾನಿತ ಶಾಲೆಗಳಿಗೆ ಸೇರಿದವರು ಪಿಂಚಣಿಗಾಗಿ ಹೋರಾಡುತ್ತಲೇ ಇದ್ದಾರೆ.

ಐಗಳಂತೆ ಗೌರವ ಶಿಕ್ಷಕಿಗೂ ನಿವೃತ್ತಿಯಿಲ್ಲ. ಮಾರ್ಚ್ ಕೊನೆಗೆ ಕೆಲಸ ಮುಗಿಯುತ್ತದೆ, ಜೂನ್‌ನಲ್ಲಿ ಕರೆ ಬಂದರೆ ಬರುತ್ತಾರೆ. ಐಗಳಿಗೆ ನವರಾತ್ರಿಯ ದಕ್ಷಿಣೆಯಾದರೂ ಇತ್ತು. ಹತ್ತು ಹದಿನೈದು ವರ್ಷ ಕಲಿಸಿ ಒಂದು ಜೂನ್‌ನಲ್ಲಿ ಸುಮ್ಮನೆ ಬಾರದೆ ಉಳಿದವರಿಗೆ ಬಿನ್ನವತ್ತಳೆ ಬರೆದ ಊರು ನನಗಿನ್ನೂ ಸಿಕ್ಕಿಲ್ಲ. ಮುಂದಿನ ಬೀಳ್ಕೊಡುಗೆಗೆ ರಶೀದಿ ಪುಸ್ತಕ ಹಿಡಿದು ಹೊರಡುವವರು ಅಂಥವರ ಹೆಸರನ್ನೂ ಪಟ್ಟಿಗೆ ಸೇರಿಸಿಕೊಂಡರೆ ಚೆನ್ನ. ಶಾಲಿನ ಜೊತೆಗೆ ಹಮ್ಮಿಣಿಯೂ ಇರಲಿ. ಅದರ ಅಗತ್ಯ ಮತ್ತೆ ಬಂದಿದೆ.