ಪಾಸ್‌ವರ್ಡ್ ಮರುಹೊಂದಿಕೆ ಮತ್ತು ಪಾಸ್‌ವರ್ಡ್ ಹಂಚಿಕೆ: ಆನ್‌ಲೈನ್ ಖಾತೆದಾರರಿಗೆ ಮಾಹಿತಿ

ಸರ್ಕಾರದ ಸೇವೆಗಳಿಗಾಗಿ ಅಂತರ್ಜಾಲದ ಮೂಲಕ ಅರ್ಜಿ ಹಾಗೂ ವಿವರಪಟ್ಟಿ ಸಲ್ಲಿಸುವ ವ್ಯಾಪಾರಸ್ಥರು, ಪಾಲುದಾರಿಕೆ ಸಂಸ್ಥೆಗಳು, ಸಂಘಗಳು ಮತ್ತು ಕುಟುಂಬಗಳ ಅನುಕೂಲಕ್ಕಾಗಿ, ಖಾತೆಯ ಪಾಸ್‌ವರ್ಡ್ ಅನ್ನು ಯಾರು ಮತ್ತು ಹೇಗೆ ಕಾಪಾಡಿಕೊಳ್ಳಬೇಕೆಂಬ ಬಗ್ಗೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಪಾಸ್‌ವರ್ಡ್ ಮರೆತಾಗ ಖಾತೆದಾರರು ಯಾವ ಕಚೇರಿಗೂ ಹೋಗದೆ ತಾವೇ ಹೊಸದನ್ನು ಪಡೆಯುವ ಸೌಲಭ್ಯವು ಸ್ವಯಂ ಮರುಹೊಂದಿಕೆ. ಒಂದೇ ಪಾಸ್‌ವರ್ಡ್ ಅನ್ನು ಹಲವರು ಸುರಕ್ಷಿತವಾಗಿ ಬಳಸಲು ಅನುವಾಗುವ ತಂತ್ರಾಂಶವು ಹಂಚಿಕೆಯ ಪಾಸ್‌ವರ್ಡ್ ನಿರ್ವಹಣಾ ಸಾಧನ. ಇವೆರಡನ್ನು ಒಂದಕ್ಕೊಂದು ಬದಲಿ ಎಂದು ಭಾವಿಸಲಾಗುತ್ತಿದೆ. ಅದು ಸರಿಯಲ್ಲ.

ನೋಂದಾಯಿತ ಮೊಬೈಲ್ ಸಂಖ್ಯೆ ಯಾರದು?

ಸ್ವಯಂ ಮರುಹೊಂದಿಕೆಯಲ್ಲಿ ಗಣಕಯಂತ್ರವು ವ್ಯಕ್ತಿಯನ್ನು ಗುರುತಿಸುವುದಿಲ್ಲ. ನೋಂದಾಯಿತ ಮೊಬೈಲ್ ಮತ್ತು ಇ-ಮೇಲ್‌ಗಳನ್ನು ಮಾತ್ರ ಗುರುತಿಸುತ್ತದೆ. ಒಟಿಪಿ ಯಾರ ಕೈಗೆ ಬರುವುದೋ ಖಾತೆಯು ಅವರ ವಶದಲ್ಲಿದೆ ಎಂದೇ ತಿಳಿಯತಕ್ಕದ್ದು.

ಇದಕ್ಕೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿಯೇ ಉತ್ತಮ ನಿದರ್ಶನ. 2017ರ ಜುಲೈ 1ರಿಂದ ಈ ತೆರಿಗೆ ಜಾರಿಗೆ ಬಂದಾಗ ಅನೇಕ ವರ್ತಕರ ಪರವಾಗಿ ಮಧ್ಯವರ್ತಿಗಳು ಅರ್ಜಿ ಸಲ್ಲಿಸಿದರು ಮತ್ತು ಅರ್ಜಿಯಲ್ಲಿ ತಮ್ಮದೇ ಮೊಬೈಲ್ ಹಾಗೂ ಇ-ಮೇಲ್ ನಮೂದಿಸಿದರು. ಮುಂದೆ ಅವರು ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳನ್ನು ಬಿಟ್ಟುಕೊಡದಿದ್ದಾಗ, ವರ್ತಕರು ತಮ್ಮದೇ ನೋಂದಣಿಗೆ ಪ್ರವೇಶವಿಲ್ಲದೆ ಪರದಾಡಬೇಕಾಯಿತು. ವಿವರಪಟ್ಟಿ ತಡವಾದರೆ ದಂಡ ಬೀಳುವುದು ವರ್ತಕರಿಗೇ ಹೊರತು ಮಧ್ಯವರ್ತಿಗಲ್ಲ. ಇಂತಹ ದೂರುಗಳ ಹಿನ್ನೆಲೆಯಲ್ಲಿ 2018ರಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಒಂದು ಕ್ರಮವನ್ನು ಪ್ರಕಟಿಸಿತು. ಅದರಂತೆ ತೆರಿಗೆದಾರರು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಂಡು, ಗುರುತಿನ ಹಾಗೂ ವ್ಯವಹಾರದ ದಾಖಲೆಗಳನ್ನು ಹಾಜರುಪಡಿಸಿದಲ್ಲಿ, ಅಧಿಕಾರಿಯು ಪರಿಶೀಲಿಸಿ ಹೊಸ ಮೊಬೈಲ್ ಮತ್ತು ಇ-ಮೇಲ್ ದಾಖಲಿಸುತ್ತಾರೆ. ಬಳಿಕ ಆ ಇ-ಮೇಲ್‌ಗೆ ತಾತ್ಕಾಲಿಕ ಪಾಸ್‌ವರ್ಡ್ ಬರುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಯಾರೂ ಹೊರಗಿನವರಿಗೆ ಕೊಟ್ಟು ಮರೆಯುವುದಿಲ್ಲ. ಖಾತೆಯ ವಿಷಯದಲ್ಲಿ ಮಾತ್ರ ಏಕೋ ಆ ಎಚ್ಚರ ಕಾಣುವುದಿಲ್ಲ.

ಸಂಸ್ಥೆಯ ಪರವಾಗಿ ಒಬ್ಬರಿಗಿಂತ ಹೆಚ್ಚು ಅಧಿಕೃತ ಸಹಿದಾರರನ್ನು ಸೇರಿಸಬಹುದಾದರೂ ಪ್ರಾಥಮಿಕ ಸಹಿದಾರರು ಒಬ್ಬರೇ, ಮರುಹೊಂದಿಕೆಯ ಒಟಿಪಿ ಹೋಗುವುದೂ ಅವರಿಗೇ. ಆದ್ದರಿಂದ ಪಾಲುದಾರರು ನಿವೃತ್ತರಾಗುವ ಮೊದಲೇ, ಅವರ ಸಹಕಾರವಿರುವಾಗಲೇ, ಹೊಸಬರನ್ನು ಸೇರಿಸಿ ಪ್ರಾಥಮಿಕ ಸಹಿದಾರರೆಂದು ಗುರುತಿಸಿಕೊಳ್ಳುವುದು ಲೇಸು. ಬಳಕೆ ನಿಲ್ಲಿಸಿದ ಮೊಬೈಲ್ ಸಂಖ್ಯೆಯನ್ನು 90 ದಿನಗಳ ಅವಧಿ ಕಳೆದ ನಂತರ ಬೇರೆ ಗ್ರಾಹಕರಿಗೆ ನೀಡಲು ಅವಕಾಶವಿರುವುದರಿಂದ, ಸಂಖ್ಯೆ ಬದಲಾದ ಕೂಡಲೇ ಎಲ್ಲ ಖಾತೆಗಳಲ್ಲಿ ತಿದ್ದುಪಡಿ ಮಾಡಿಸತಕ್ಕದ್ದು. ಆಧಾರ್‌ಗೆ ಜೋಡಣೆಯಾದ ಸಂಖ್ಯೆಗೂ ಇದು ಅನ್ವಯ. ಆದಾಯ ತೆರಿಗೆ ಖಾತೆಯ ಪಾಸ್‌ವರ್ಡ್ ಅನ್ನು ಆಧಾರ್ ಒಟಿಪಿ ಮೂಲಕವೂ ಮರುಹೊಂದಿಸಬಹುದು.

ಹಂಚಿಕೆಯ ಸಾಧನ ಯಾವಾಗ?

ವೈಯಕ್ತಿಕ ಖಾತೆಗಳಿಗೆ, ಅಂದರೆ ಆದಾಯ ತೆರಿಗೆ, ಭವಿಷ್ಯ ನಿಧಿ, ಡಿಜಿಲಾಕರ್ ಮುಂತಾದವುಗಳಿಗೆ, ಹಂಚಿಕೆಯ ಅಗತ್ಯವಿಲ್ಲ. ಸ್ವಯಂ ಮರುಹೊಂದಿಕೆಯೇ ಸಾಕು. ಆದಾಯ ತೆರಿಗೆ ಜಾಲತಾಣದಲ್ಲಿ ಸನ್ನದು ಲೆಕ್ಕಪರಿಶೋಧಕರನ್ನು ಖಾತೆಗೆ ಸೇರಿಸಿ ನಮೂನೆಗಳನ್ನು ವಹಿಸಲು ಅವಕಾಶವಿದ್ದು, ಅದಕ್ಕೆ ಪಾಸ್‌ವರ್ಡ್ ತಿಳಿಸಬೇಕಾಗಿಲ್ಲ.

ಸಂಸ್ಥೆಯಲ್ಲಿ ಹಲವರು ಕೆಲಸ ಮಾಡುವಲ್ಲಿ ಪ್ರತ್ಯೇಕ ಪ್ರವೇಶ ದೊರೆಯುವುದೇ ಎಂದು ಮೊದಲು ನೋಡಬೇಕು. ಉದಾಹರಣೆಗೆ, ಇ-ವೇ ಬಿಲ್ ಜಾಲತಾಣದಲ್ಲಿ ಗುಮಾಸ್ತರಿಗೆ, ಗೋದಾಮಿನವರಿಗೆ ಉಪ-ಬಳಕೆದಾರರ ಪ್ರತ್ಯೇಕ ಹೆಸರುಗಳನ್ನು ಸೃಜಿಸಬಹುದು. 2025ರ ಏಪ್ರಿಲ್ 1ರಿಂದ ಅಲ್ಲಿ ಎಲ್ಲ ತೆರಿಗೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದ್ದು, ಒಂದೇ ಪಾಸ್‌ವರ್ಡ್ ಅನ್ನು ಎಲ್ಲರೂ ಬಳಸುವ ಹಳೆಯ ಪದ್ಧತಿ ಇನ್ನು ನಡೆಯದು.

ಒಂದೇ ಪ್ರವೇಶವನ್ನು ಹಲವರು ಬಳಸಲೇಬೇಕಾದಲ್ಲಿ ಮಾತ್ರ ಬಿಟ್‌ವಾರ್ಡನ್, ವನ್‌ಪಾಸ್‌ವರ್ಡ್ ಮುಂತಾದ ಸಾಧನಗಳು ಉಪಯುಕ್ತ. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದಕ್ಕಿಂತ, ವಾಟ್ಸ್‌ಆಪ್ ಗುಂಪಿಗೆ ಕಳುಹಿಸುವುದಕ್ಕಿಂತ ಇವು ಬಹುಪಾಲು ಮೇಲು. ಪ್ರತಿ ಸದಸ್ಯರೂ ತಮ್ಮದೇ ಖಾತೆಯಿಂದ ಸಾಧನವನ್ನು ತೆರೆಯುತ್ತಾರೆ ಮತ್ತು ಕೆಲಸ ಬಿಟ್ಟವರನ್ನು ಪಟ್ಟಿಯಿಂದ ತೆಗೆಯಬಹುದು. ಆದರೆ ಅಷ್ಟಕ್ಕೇ ನಿಲ್ಲಬಾರದು. ಅವರು ಪಾಸ್‌ವರ್ಡ್ ಅನ್ನು ಮೊದಲೇ ನೋಡಿರುವ ಸಂಭವವಿರುವುದರಿಂದ ಅಂದೇ ಅದನ್ನು ಬದಲಾಯಿಸತಕ್ಕದ್ದು, ಮತ್ತು ಬದಲಾಯಿಸಲು ಬೇಕಾಗುವ ಒಟಿಪಿ ಮತ್ತೆ ನೋಂದಾಯಿತ ಮೊಬೈಲ್‌ಗೇ ಬರುತ್ತದೆ.

ಈ ಸಾಧನಗಳ ಮುಖ್ಯ ಪಾಸ್‌ವರ್ಡ್ ಕಂಪನಿಗೂ ತಿಳಿದಿರುವುದಿಲ್ಲ. ಮರೆತರೆ ಸಾಮಾನ್ಯವಾಗಿ ಕಂಪನಿಯು ಅದನ್ನು ತಿಳಿಸಿಕೊಡಲಾರದು. ಆದಕಾರಣ ಸಂಸ್ಥೆಯಲ್ಲಿ ಕನಿಷ್ಠ ಇಬ್ಬರಿಗೆ ಆಡಳಿತಗಾರರ ಅಧಿಕಾರವಿರಲಿ. ಅಲ್ಲದೆ 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಪಾಸ್‌ವರ್ಡ್ ಭಂಡಾರಗಳ ನಕಲುಗಳು ಕಳುವಾದಾಗ, ಮುಖ್ಯ ಪಾಸ್‌ವರ್ಡ್ ದುರ್ಬಲವಾಗಿದ್ದವರಿಗೇ ಅಪಾಯ ಹೆಚ್ಚಾಗಿತ್ತು. ಅದು ಉದ್ದವಾಗಿದ್ದು, ಬೇರೆಲ್ಲೂ ಬಳಸದಿರುವಂತಹುದಾಗಿರಬೇಕು.

ಸೇವಾ ಕೇಂದ್ರಗಳಲ್ಲಿ ಅಥವಾ ಖಾಸಗಿ ಸೈಬರ್ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸುವವರು ಅರ್ಜಿಯಲ್ಲಿ ತಮ್ಮದೇ ಮೊಬೈಲ್ ಸಂಖ್ಯೆ ನಮೂದಾಗಿರುವುದನ್ನು ಪರದೆಯ ಮೇಲೆ ಓದಿ ಖಚಿತಪಡಿಸಿಕೊಳ್ಳುವುದು. ಬೇರೊಬ್ಬರ ಪಾಸ್‌ವರ್ಡ್ ಅನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ಸಿ ಪ್ರಕರಣದಡಿ ಅಪರಾಧವಾಗಿದ್ದು, 3 ವರ್ಷಗಳವರೆಗಿನ ಕಾರಾವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ಜುಲ್ಮಾನೆಗೆ ಅವಕಾಶವಿರುತ್ತದೆ. ಇದರಿಂದ ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆಮಾಡತಕ್ಕದ್ದು.